ಕರು ಕುಡಿದ ವೇಳೆ

ಒಬ್ಬೊಬ್ಬರಿಗೆ ಒಂದೊಂದು ಚಟ. ನಿಪ್ಪಾಣಿಯಲ್ಲಿರುವ ನನ್ನ ಅಕ್ಕನಿಗೆ ಬಾಯಲ್ಲಿ ತಂಬಾಕು ಬೀಳದೆ ಬೆಳಗಾಗುವುದಿಲ್ಲ. ನನ್ನ ಗಂಡನಿಗೆ ಇಸ್ಪೀಟಿನ ಚಟ ಇತ್ತು, ಅದು ಅವನ ಜೊತೆಗೇ ಹೋಯಿತು. ನನಗೆ ಗಿಣ್ಣದ ಚಟ. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿಟ್ಟರೆ ಕೊಯ್ದು ತಿನ್ನುವ ಹಾಗೆ ಗಟ್ಟಿಯಾಗುತ್ತದಲ್ಲ, ಅದು. ನಮ್ಮ ದಿಗ್ಗೇವಾಡಿಯಲ್ಲಿ ಯಾರ ಮನೆಯ ಎಮ್ಮೆ ಯಾವಾಗ ಈಯುತ್ತದೆ ಎಂಬುದು ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಿರುತ್ತಿತ್ತು. ಎಮ್ಮೆ ಈಯುವಾಗ ಊರವರು ನನ್ನನ್ನೇ ಕರೆಯುತ್ತಿದ್ದರು, ಹೆಂಗಸರು ಹಡೆಯುವಾಗಲೂ ನನ್ನನ್ನೇ ಕರೆಯುತ್ತಿದ್ದರು. ಎಮ್ಮೆ ಒದೆಯುತ್ತದೆ, ಹೆಂಗಸು ಬೈಯುತ್ತಾಳೆ, ಇಷ್ಟೇ ಫರಕು. ಹಡೆದವಳ ಮನೆಯವರು ಒಂದು ಕುಬಸದ ಬಟ್ಟೆ ಕೊಡುತ್ತಿದ್ದರು, ಎಮ್ಮೆಯ ಮನೆಯವರು ಗಿಣ್ಣ ಕೊಡುತ್ತಿದ್ದರು. ಹಾಗಾಗಿ ನನಗೆ ಎಮ್ಮೆಯ ಮೇಲೆ ಪ್ರೀತಿ ಜಾಸ್ತಿ. ಈ ಚಟದ ದೆಸೆಯಿಂದ ಒಂದು ಹುಡುಗಿಯ ನಾಲ್ಕು ವರ್ಷದ ಓದು ಹಾಳಾಗುವುದಿತ್ತು. ಅದನ್ನೇ ಹೇಳುತ್ತೇನೆ. ನಡುವೆ ಸತ್ತ ಕರುಗಳ ಸುದ್ದಿ ಬರುತ್ತದೆ. ಅಂಥದ್ದು ಬೇಡ ಎನ್ನುವವರು ಈಗಲೇ ಎದ್ದು ಹೋಗಬಹುದು.

ಹುಡುಗಿ ಅಂದರೆ ಸುನಂದಾ, ನನ್ನ ತಂಗಿಯ ಮೊಮ್ಮಗಳು, ಅಥಣಿಯವಳು. ದನದ ಡಾಕ್ಟರ್ ಕಲಿತು ಮುಗಿಸಿದ್ದಳು. ಅಷ್ಟಕ್ಕೆ ಸುಮ್ಮನಾಗದೆ ಅದರ ಮೇಲಿನ ದೊಡ್ಡ ಪದವಿಗೆ ನಾಲ್ಕು ವರ್ಷದಿಂದ ಓದುತ್ತಿದ್ದಳು. ಒಂದು ದಿನ ರಾಯಬಾಗದ ಬಸ್ಸಿನಿಂದ ಒಂದು ಸೂಟ್‌ಕೇಸು, ಒಂದು ಬಿಳಿ ಥರ್ಮಾಕೋಲ್ ಡಬ್ಬಿ ಹಿಡಿದು ಇಳಿದಳು. ಐಸ್‌ಕ್ಯಾಂಡಿ ಮಾರಲು ಬಂದಿದ್ದಾಳೆ ಎಂದು ತಿಳಿದು ಓಣಿಯ ಹುಡುಗರೆಲ್ಲ ನಮ್ಮ ಮನೆಯತನಕ ಹಿಂದೆ ಬಂದವು. ಎದುರು ಮನೆಯ ತಾರವ್ವನೂ ಬಂದಳು. ಅವಳಿಗೆ ಕ್ಯಾಂಡಿ ಬೇಕಿರಲಿಲ್ಲ, ಸುದ್ದಿ ಬೇಕಿತ್ತು.

"ಏನವಾ, ನೀ ದನದ ಡಾಕ್ಟರೋ, ಮಂದಿ ಡಾಕ್ಟರೋ?"

"ಎರಡೂ ಕೂಡಿಸಿ ಓದಾಕತ್ತೇನ್ರಿ ಕಾಕು."

"ಹಂಗಾರ ಲಗ್ನ ಯಾರ ಜೋಡಿ ಮಾಡ್ಕೋತಿ? ಮಂದಿ ಜೋಡಿಯೋ, ದನದ ಜೋಡಿಯೋ?"

"ಎರಡರಾಗ ಛಲೋದು ಯಾವದು ಸಿಗತೈತಿ ನೋಡೂನ್ರಿ."

"ಫರಕ ಭಾಳ ಇರಂಗಿಲ್ಲ ಬಿಡ," ಎಂದೆ ನಾನು. ಮೂವರೂ ನಕ್ಕೆವು. ಆ ಬೇಸಿಗೆಯಲ್ಲಿ ಮೂವರೂ ಕೂಡಿ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಅವಳ ಓದಿಗೆ ಇಬ್ಬರು ಗೈಡ್ ಇದ್ದರು. ಒಬ್ಬರು ದನದ ಕಾಲೇಜಿನವರು, ಒಬ್ಬರು ಮನುಷ್ಯರ ಕಾಲೇಜಿನವರು. ಅಂದರೆ ಒಂದೇ ಸೊಸೆಗೆ ಇಬ್ಬರು ಅತ್ತೆಯರು. ಒಬ್ಬರು ರೊಟ್ಟಿ ದಪ್ಪಾಯಿತು ಎಂದರೆ ಇನ್ನೊಬ್ಬರು ಅದೇ ರೊಟ್ಟಿ ತೆಳ್ಳಗಾಯಿತು ಅನ್ನುವವರು. ಕೆಲಸ ಮಾತ್ರ ಒಂದೇ. ಹುಟ್ಟಿದ ಜೀವಕ್ಕೆ ರೋಗ ತಡೆಯುವ ಶಕ್ತಿ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಹುಡುಕುವುದು. ಕರುಗಳದು ರಕ್ತ ತೆಗೆದು ನೋಡಬೇಕು, ಕೂಸುಗಳದು ತಾಯಂದಿರನ್ನು ಕೇಳಿ ಬರೆದುಕೊಳ್ಳಬೇಕು. ನನಗೆ ತಿಳಿಯುವ ಹಾಗೆ ಒಂದು ದಿನ ಹಿತ್ತಲಲ್ಲಿ ಕುಳಿತು ಹೇಳಿದಳು.

"ಆಯಿ, ಕರ ಹುಟ್ಟಿದಾಗ ಅದರ ಮೈಯಾಗ ರೋಗದ ಕೂಡ ಕಾದಾಡಾಕ ಏನೂ ಇರಂಗಿಲ್ಲ. ಬರಿಗೈಲೆ ಬಂದಿರತೈತಿ. ಅವ್ವನ ಮೊದಲನೇ ಹಾಲಿನ್ಯಾಗ ಕಾವಲುಗಾರರು ಇರ್ತಾರ ಅಂತ ತಿಳಕೋ. ಅವರು ಕರದ ಹೊಟ್ಟಿಯಿಂದ ರಕ್ತಕ್ಕ ಹೋಗಬೇಕು. ಆದ್ರ ಆ ಬಾಗಿಲ ತಾಸಿಗೊಂದಿಷ್ಟ ಮುಚ್ಚಕೋತ ಬರತೈತಿ. ಒಂದ ದಿನಾ ಆತಂದ್ರ ಕೀಲಿ."

"ಮನಷ್ಯಾರ ಕೂಸಿಗೆ?"

"ಹೊಟ್ಟ್ಯಾಗಿದ್ದಾಗ ಒಂದಿಷ್ಟ ಸಿಕ್ಕಿರತೈತಿ. ಆದ್ರೂ ಅದಕ್ಕೂ ಮೊದಲನೇ ಹಾಲ ಬೇಕ."

ನಾನು ಹೂಂ ಎಂದೆ. ನಮ್ಮ ಕಡೆಯ ರೂಢಿ ಬೇರೆಯೇ ಇತ್ತು. ಎಮ್ಮೆ ಈದ ಮೇಲೆ ಹಿಂದಿನಿಂದ ಮಾಸ ಬೀಳುತ್ತದೆ, ಕರು ಇದ್ದ ಚೀಲ. ಅದು ಬೀಳುವತನಕ ಕರುವನ್ನು ಕೆಚ್ಚಲಿಗೆ ಬಿಡುತ್ತಿರಲಿಲ್ಲ. ಕರು ಬಾಯಿ ಹಾಕಿತೆಂದರೆ ಮಾಸ ಒಳಗೇ ಕೂಡುತ್ತದೆ, ಕೊಳೆಯುತ್ತದೆ, ಎಮ್ಮೆ ಸಾಯುತ್ತದೆ. ಇದನ್ನು ನನಗೆ ನನ್ನ ಅತ್ತೆ ಹೇಳಿದ್ದಳು. ಓಣಿಯ ಎಲ್ಲ ಸೊಸೆಯರಿಗೆ ನಾನು ಹೇಳಿದ್ದೆ. ಕೆಲವು ಎಮ್ಮೆಗಳಿಗೆ ಎರಡು ತಾಸಿಗೆ ಬೀಳುತ್ತಿತ್ತು, ಕೆಲವಕ್ಕೆ ಹೊತ್ತು ಮುಳುಗುತ್ತಿತ್ತು, ಕೆಲವಕ್ಕೆ ಮರುದಿನ. ಬಿದ್ದ ಮೇಲೂ ಮೊದಲು ಗಿಣ್ಣಕ್ಕೆ ಪಾತ್ರೆ ತುಂಬಿಸಿ, ಉಳಿದದ್ದಕ್ಕೆ ಕರುವನ್ನು ಬಿಡುವುದು. ದಪ್ಪ ಹಾಲು ಜಾಸ್ತಿ ಕುಡಿದರೆ ಕರುವಿನ ಹೊಟ್ಟೆ ಕೆಡುತ್ತದೆ ಎಂದೂ ನಾನೇ ಹೇಳುತ್ತಿದ್ದೆ. ಈ ಮಾತು ಹೇಳುವಾಗ ನನ್ನ ಕಣ್ಣು ಪಾತ್ರೆಯ ಮೇಲೆ ಇರುತ್ತಿತ್ತು ಎಂಬುದು ಈಗ ನೆನಪಾಗುತ್ತದೆ.

ಸುನಂದಾ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಕೇಳಿಕೊಂಡಳು. ಅರ್ಧ ಮನೆಯವರು ರೂಢಿಯ ಪ್ರಕಾರ ಮಾಡಲಿ, ಅರ್ಧ ಮನೆಯವರು ಕರು ಎದ್ದು ನಿಂತ ಕೂಡಲೇ ಕುಡಿಯಲು ಬಿಡಲಿ, ಮನಸ್ಸಿಲ್ಲದವರಿಗೆ ಒತ್ತಾಯವಿಲ್ಲ. ಎಲ್ಲರೂ ಚಹಾ ಕುಡಿದು ಹೂಂ ಅಂದರು. ಕಲಿತ ಹುಡುಗಿಯ ಮುಂದೆ ಯಾರು ಇಲ್ಲ ಎನ್ನುತ್ತಾರೆ? ವೇಳೆ ಬರೆಯುವ ಕೆಲಸ ನನಗೆ ಬಂತು. ಅವಳು ಐಸು ತರಲು ಪೇಟೆಗೆ ಹೋಗಬೇಕು, ಬಾಣಂತಿಯರ ಮನೆ ತಿರುಗಬೇಕು, ಎಲ್ಲ ಎಮ್ಮೆಯ ಮುಂದೆ ಕೂಡಲು ಆಗುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ದೊಡ್ಡವರ ಶಾಲೆಯಲ್ಲಿ ನಾನು ಅಂಕಿಗಳನ್ನೂ ನನ್ನ ಹೆಸರನ್ನೂ ಕಲಿತಿದ್ದೆ. ಅವಳ ಹಳೆಯ ವಾಚನ್ನು ನನ್ನ ಕೈಗೆ ಕಟ್ಟಿದಳು. ಒಂದು ವಹಿಯಲ್ಲಿ ಗೆರೆ ಹೊಡೆದು, ಬರೆಯಲು ನಾಲ್ಕು ಮನೆ ಮಾಡಿ ಕೊಟ್ಟಳು. ಯಾರ ಎಮ್ಮೆ, ಕರು ಎಷ್ಟಕ್ಕೆ ಬಿತ್ತು, ಮಾಸ ಎಷ್ಟಕ್ಕೆ ಬಿತ್ತು, ಕರು ಎಷ್ಟಕ್ಕೆ ಕುಡಿಯಿತು. ಮಾಸದ ವೇಳೆ ಇರಲೇಬೇಕು ಎಂದು ಮನುಷ್ಯರ ಕಡೆಯ ಗೈಡ್ ಹಟ ಹಿಡಿದಿದ್ದರಂತೆ. "ಅದು ಸುಮ್ಮ ಇರಲಿ, ಅವರ ಸಮಾಧಾನಕ್ಕ," ಎಂದಳು ಸುನಂದಾ. ವಾಚು ಕಟ್ಟಿಕೊಂಡು ಓಣಿಯಲ್ಲಿ ನಡೆದರೆ ನನಗೆ ಗ್ರಾಮಸೇವಕನ ಗತ್ತು ಬಂದಿತ್ತು. ಯಾರೂ ಕೇಳದಿದ್ದರೂ ವೇಳೆ ಹೇಳುತ್ತಿದ್ದೆ.

ಮೊದಲು ಈದದ್ದು ತಾರವ್ವನ ಎಮ್ಮೆ, ಮುಂಜಾನೆ ಎಂಟಕ್ಕೆ. ಕೂಡಲೇ ಕುಡಿಸುವ ಮನೆಗಳ ಪೈಕಿ ಅವಳದೂ ಒಂದು. ಕರು ನಾಲ್ಕು ಸಲ ಬಿದ್ದು ಐದನೇ ಸಲ ನಿಂತಿತು, ಕೆಚ್ಚಲ ಕಡೆ ಮೂಗು ಚಾಚಿತು.

"ಬಾಳಕ್ಕ, ಹಿಡೀಬೇ ಅದನ್ನ! ಮಾಸ ಬಿದ್ದಿಲ್ಲ!" ಎಂದು ತಾರವ್ವ ನನಗೆ ಕೂಗಿದಳು.

"ನೀ ಅಕಿ ಮುಂದ ಹೂಂ ಅಂದಿದ್ದೆಲ್ಲ?"

"ಹೂಂ ಅನ್ನಾಕ ನಂದೇನ ಹೋಗತೈತಿ? ಎಮ್ಮಿ ಸತ್ರ ಅಕಿ ಕಾಲೇಜಿನವ್ರು ಬ್ಯಾರೆ ಎಮ್ಮಿ ತಂದ ಕಟ್ತಾರೇನ?"

ಕರುವಿನ ಹಗ್ಗ ನನ್ನ ಕೈಯಲ್ಲಿತ್ತು. ನಾನು ಬಿಡಲಿಲ್ಲ. ತಾರವ್ವ ಕೂಗಿದಳು ಅಂತಲ್ಲ. ಅವಳು ಕೂಗದಿದ್ದರೂ ಬಿಡುತ್ತಿರಲಿಲ್ಲ. ಮಾಸ ಬಿದ್ದಾಗ ನಾಲ್ಕು ಹೊಡೆದಿತ್ತು. ಅದನ್ನು ಬರೆದೆ. ಕರು ಕುಡಿದ ವೇಳೆಯ ಮನೆಯಲ್ಲಿ ಎಂಟೂಕಾಲು ಎಂದು ಬರೆದೆ. ಹುಡುಗಿ ಖುಷಿಪಡಲಿ, ತಾರವ್ವನ ಮಾನವೂ ಉಳಿಯಲಿ, ಎಮ್ಮೆಯೂ ಉಳಿಯಲಿ. ಒಂದು ಅಂಕಿಯಿಂದ ಮೂರು ಕೆಲಸ ಆಗುವುದಾದರೆ ಯಾಕೆ ಬಿಡಬೇಕು? ಸಂಜೆ ಒಂದು ಬಟ್ಟಲು ಗಿಣ್ಣವೂ ಬಂತು. ಹಾಗೆಯೇ ಎರಡನೇ ಮನೆ, ಮೂರನೇ ಮನೆ. ಕೂಡಲೇ ಕುಡಿಸುತ್ತೇವೆ ಎಂದ ಒಂದು ಮನೆಯಲ್ಲಾದರೂ ಕುಡಿಸಿದ್ದರೆ ಹೇಳಿ! ಎಲ್ಲ ಕಡೆ ಹಗ್ಗ ಹಿಡಿದವಳು ನಾನೇ, ವಹಿ ಬರೆದವಳೂ ನಾನೇ. ಒಂದು ದಿನ ಸುನಂದಾ ಬಟ್ಟಲು ನೋಡಿ ಕೇಳಿದಳು.

"ಕರ ಹೊಟ್ಟಿ ತುಂಬ ಕುಡಿದ ಮ್ಯಾಲೂ ಇಷ್ಟ ಗಿಣ್ಣ ಉಳೀತೇನ ಆಯಿ?"

"ಎಮ್ಮಿ ಛಲೋ ಐತಿ," ಎಂದು ಅವಳ ಬಾಯಿಗೂ ಒಂದು ತುಂಡು ಹಾಕಿದೆ.

ಹುಟ್ಟಿದ ಎರಡನೇ ದಿನ ಅವಳು ಕರುವಿನ ಕುತ್ತಿಗೆಯಿಂದ ರಕ್ತ ತೆಗೆಯುತ್ತಿದ್ದಳು. ಅದು ಹೆಪ್ಪಾಗಿ ಮೇಲೆ ಹಳದಿ ನೀರು ನಿಲ್ಲುತ್ತಿತ್ತು. ಆ ನೀರನ್ನು ಎರಡು ಹನಿ ಒಂದು ಔಷಧದ ನೀರಿಗೆ ಹಾಕಿ, ಗಾಜಿನ ನಳಿಗೆಯನ್ನು ಪಡಸಾಲೆಯ ಕಿಟಕಿಯಲ್ಲಿ ನಿಲ್ಲಿಸುತ್ತಿದ್ದಳು. ನೀರು ಮಜ್ಜಿಗೆಯ ಹಾಗೆ ಮಬ್ಬಾದರೆ ಕರುವಿನ ರಕ್ತದಲ್ಲಿ ಕಾವಲು ಬಂದಿದೆ, ತಿಳಿಯಾಗಿಯೇ ಉಳಿದರೆ ಬಂದಿಲ್ಲ. ಮಳೆಗಾಲದಲ್ಲಿ ಕೃಷ್ಣೆಯ ಕೆಂಪು ನೀರಿಗೆ ಪಟಿಕ ತಿಕ್ಕಿ ತಿಕ್ಕಿ ತಿಳಿ ಮಾಡಿ ಕುಡಿದವಳು ನಾನು. ತಿಳಿ ನೀರು ಕೆಟ್ಟದ್ದು ಎಂದು ಕೇಳಿದ್ದು ಅದೇ ಮೊದಲು. ನಳಿಗೆಗಳೆಲ್ಲ ತಿಳಿಯಾಗಿ ನಿಂತವು. ಒಂದೆರಡರಲ್ಲಿ ಮಾತ್ರ ಮಂಜು ಕವಿದ ಹಾಗೆ ಇಷ್ಟೇ ಇಷ್ಟು. ರೂಢಿಯ ಮನೆಯ ಕರುವಿನದೂ ತಿಳಿ, ವಹಿಯ ಪ್ರಕಾರ ಕೂಡಲೇ ಕುಡಿದ ಕರುವಿನದೂ ತಿಳಿ. ಸುನಂದಾ ಮುಖ ಸಣ್ಣದು ಮಾಡಿಕೊಂಡಳು.

"ನೀ ನಳಿಗಿ ಛಂದಂಗ ತೊಳದಿಲ್ಲ," ಎಂದೆ. "ಹುಣಸಿಹಣ್ಣ ಹಚ್ಚಿ ತಿಕ್ಕ."

ಪಾಪ, ತಿಕ್ಕಿದಳು. ಮತ್ತೆ ತಿಳಿ. ಔಷಧ ಕೆಟ್ಟಿರಬೇಕು ಎಂದು ಕಾಲೇಜಿಗೆ ಹೋಗಿ ಹೊಸದು ತಂದಳು. ಮತ್ತೆ ತಿಳಿ. ಅಷ್ಟರಲ್ಲಿ ಕರುಗಳಿಗೆ ಭೇದಿ ಹತ್ತಿತು. ತಾರವ್ವನದು ಒಂಬತ್ತನೇ ದಿನಕ್ಕೆ ಸತ್ತಿತು. ಮರುವಾರ ಇನ್ನೊಂದು, ಅದರ ಹಿಂದೆ ಮತ್ತೊಂದು. ಕರು ಸತ್ತರೆ ಎಮ್ಮೆ ಹಾಲು ಬಿಡುವುದಿಲ್ಲ, ಅದಕ್ಕೆ ಸತ್ತ ಕರುವಿನ ತೊಗಲಿನಲ್ಲಿ ಹುಲ್ಲು ತುಂಬಿ, ಹೊಲಿದು, ಮುಂದೆ ನಿಲ್ಲಿಸುತ್ತಾರೆ. ನಮ್ಮ ಓಣಿಯಲ್ಲಿ ಅಂಥ ಹುಲ್ಲಿನ ಕರುಗಳು ಮೂರಾದವು. ಎಮ್ಮೆ ಅದನ್ನು ನೆಕ್ಕುತ್ತದೆ, ಹಾಲು ಇಳಿಸುತ್ತದೆ. ಎಮ್ಮೆಗೆ ಮೋಸ ಮಾಡುವುದು ಬಹಳ ಸಲೀಸು. ಹುಡುಗಿಗೆ ಮೋಸ ಮಾಡಿದಷ್ಟೇ ಸಲೀಸು. ಎರಡನ್ನೂ ನೋಡುತ್ತ ನಾನು ಸುಮ್ಮನಿದ್ದೆ. ಕರುಗಳು ಮೊದಲೂ ಸಾಯುತ್ತಿದ್ದವು, ಪ್ರತಿ ವರ್ಷ ಸಾಯುತ್ತಿದ್ದವು, ಅದಕ್ಕೆ ಯಾರೂ ವಹಿ ಇಟ್ಟಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಇಬ್ಬರು ಗೈಡುಗಳಿಂದ ಎರಡು ಪತ್ರ ಬಂದವು. ಮನುಷ್ಯರ ಕಡೆಯವರು ನಿನ್ನ ದನದ ಪರೀಕ್ಷೆಯೇ ಸರಿ ಇಲ್ಲ ಎಂದು ಬರೆದಿದ್ದರು. ದನದ ಕಡೆಯವರು, ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಮೊದಲೇ ಹೇಳಿದ್ದೆ ಎಂದು ಬರೆದಿದ್ದರು. ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದ್ದರು. ತಿಂಗಳೊಳಗೆ ಲೆಕ್ಕ ಹೊಂದದಿದ್ದರೆ ಈ ವಿಷಯ ಬಿಟ್ಟುಬಿಡಬೇಕು. ವಿಷಯ ಬಿಟ್ಟರೆ ಪದವಿಯೂ ಇಲ್ಲ, ನಾಲ್ಕು ವರ್ಷವೂ ಇಲ್ಲ. ಸುನಂದಾ ಪತ್ರಗಳನ್ನು ಮಡಚಿ ಸೂಟ್‌ಕೇಸಿನಲ್ಲಿ ಇಟ್ಟಳು, ಅದರ ಮೇಲೆ ಸೀರೆಗಳನ್ನು ಇಡತೊಡಗಿದಳು.

ಅವಳು ಹೊರಡುವ ಮುನ್ನಾದಿನ ಮಧ್ಯಾಹ್ನ ನಮ್ಮ ಎಮ್ಮೆಯೇ ಈಯಿತು. ಕರು ಎದ್ದಿತು. ನಾನು ಕೈಗೆ ಬಂದ ರೂಢಿಯ ಹಾಗೆ ಹಗ್ಗ ಹಿಡಿದೆ. ಸುನಂದಾ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತಳು.

"ಆಯಿ, ಮಂದಿ ಮನ್ಯಾಗೆಲ್ಲಾ ನೀ ಬಿಡಿಸೀದಿ. ಒಂದ ಕರ ಕುಡಿಯೂದ ನಾ ನನ್ನ ಕಣ್ಣಲೆ ನೋಡಿ ಹೋಗತೇನಿ."

ಸೊಸೆ ಶಾಂತಾ ಗಾಬರಿಯಾದಳು. "ಅತ್ತಿ, ಮಾಸ ಇನ್ನೂ ಬಿದ್ದಿಲ್ಲರಿ."

"ನಂಗ ಕಣ್ಣಿಲ್ಲೇನ?"

"ಎಮ್ಮಿ ಸತ್ರ ಏನ ಮಾಡೂದ್ರಿ? ಇರೂದ ಒಂದ."

ಅದೇ ಭಯ ನನಗೂ ಇತ್ತು. ನನಗೆ ಜ್ಞಾನ ಬಂದು ಹಗ್ಗ ಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಹುಡುಗಿ ನೋಡುತ್ತಿದ್ದಳು, ಬಿಡದಿದ್ದರೆ ಸಿಕ್ಕಿಬೀಳುತ್ತಿದ್ದೆ, ಅದಕ್ಕೆ ಬಿಟ್ಟೆ. ಕರು ಹೋಗಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ಹೊಟ್ಟೆ ಗಡಿಗೆಯ ಹಾಗೆ ಆಗುವತನಕ ಕುಡಿಯಿತು. ನಾನು ಎಮ್ಮೆಯ ಹಿಂದೆ ಕುಳಿತು ಎಲ್ಲ ದೇವರನ್ನು ಕರೆದೆ. ಎರಡು ತಾಸಿನೊಳಗೆ ಮಾಸ ಬಿತ್ತು, ಒಂದು ಎಳೆಯೂ ಉಳಿಯದೆ. ಅದನ್ನು ನೋಡಿ ನನಗೆ ಸಂತೋಷ ಆಗಲಿಲ್ಲ, ಸಿಟ್ಟು ಬಂತು. ಇಷ್ಟು ಸಲೀಸಾಗಿ ಬೀಳುವುದಿತ್ತೇ? ಆ ದಿನ ಗಿಣ್ಣಕ್ಕೆ ಉಳಿದದ್ದು ಒಂದು ಲೋಟ. ಅದೂ ಗಟ್ಟಿಯಾಗಲಿಲ್ಲ, ಗಂಜಿಯ ಹಾಗೆ ಸೋರಿತು.

ಸುನಂದಾ ಪ್ರಯಾಣ ಎರಡು ದಿನ ಮುಂದೂಡಿದಳು. ನಮ್ಮ ಕರುವಿನ ನಳಿಗೆ ಕಿಟಕಿಯಲ್ಲಿ ಬೆಳ್ಳಗೆ ಮಜ್ಜಿಗೆಯಾಗಿ ನಿಂತಿತು. ಅದರ ಹಿಂದೆ ಬೆರಳಿಟ್ಟರೆ ಕಾಣುತ್ತಿರಲಿಲ್ಲ. ಅವಳೂ ಬೆರಳಿಟ್ಟು ನೋಡಿದಳು. ಆಮೇಲೆ ವಹಿ ತಂದು ನನ್ನ ಮುಂದೆ ಇಟ್ಟಳು.

"ಔಷಧ ಕೆಟ್ಟಿಲ್ಲ ಆಯಿ."

"ಇಲ್ಲ."

"ನಳಿಗಿನೂ ಹೊಲಸಿರಲಿಲ್ಲ."

"ಇಲ್ಲ. ಹುಣಸಿಹಣ್ಣ ಸುಮ್ಮನ ಹಾಳಾತು."

"ಲಗೂನ ಕುಡಿಸೀವಿ ಅಂತ ಬರದೀಯೆಲ್ಲ, ಅದರಾಗ ಎಷ್ಟ ಮನ್ಯಾಗ ಖರೇನ ಕುಡಿಸ್ಯಾರ?"

"ನಮ್ಮ ಮನ್ಯಾಗ."

"ಬ್ಯಾರೆ?"

"ನಮ್ಮ ಮನ್ಯಾಗ ಅಂದ್ನೆಲ್ಲ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು, ತಿರುಗಿ ನಾನೂ ಬೈಯುತ್ತಿದ್ದೆ. "ಮೊದಲನೇ ಕರಕ್ಕ ಹೇಳಿದ್ದರ, ಮುಂದಿನವ್ನರೆ ಉಳಸತಿದ್ದೆ," ಎಂದಳು. "ನಾ ಇಲ್ಲೆ ಕುಂತ ನಳಿಗಿ ತೊಳಕೋತ ಇದ್ನಿ. ಅವು ಅಲ್ಲೆ ಸಾಯಾಕತ್ತಿದ್ದು."  ವಹಿಯ ಮೇಲೆ ಅವಳ ಬೆರಳು ಓಡಾಡಿ ಒಂದು ಕಡೆ ನಿಂತಿತು.

"ಈ ಮಾಸ ಬಿದ್ದ ವೇಳೆ? ಇದೂ ಸುಳ್ಳೇನು?"

ನನಗೆ ಮೈ ಉರಿಯಿತು. "ಅದರಾಗ ಸುಳ್ಳ ಬರಿಯಾಕ ನಾ ಏನ ಹುಚ್ಚಿಯೇನ? ವಾಚ್ ನೋಡ್ಕೋತ ಎಮ್ಮಿ ಹಿಂದ ಕುಂತ ಬರದೇನಿ!"

ಸುನಂದಾ ನಕ್ಕಳು. ಒಳ್ಳೆಯ ನಗೆಯಲ್ಲ ಅದು, ಕೆಮ್ಮಿನ ಹಾಗೆ ಇತ್ತು. ಆದರೆ ಸೂಟ್‌ಕೇಸಿನಿಂದ ಪೆನ್ನು ತೆಗೆದಳು. ನಮ್ಮ ಮನೆಯದೊಂದರ ಹೊರತು, ಮಾಸ ಬೀಳದೆ ಒಂದು ಕರುವನ್ನೂ ನಾನು ಬಿಟ್ಟಿಲ್ಲ, ಬಿದ್ದು ಪಾತ್ರೆ ತುಂಬಿದ ಮೇಲೆ ತಡವನ್ನೂ ಮಾಡಿಲ್ಲ. ಅಂದರೆ ಎಲ್ಲ ಕರುಗಳು ಕುಡಿದ ಖರೇ ವೇಳೆ ಅದೇ ವಹಿಯಲ್ಲಿ, ಗೈಡಿನ ಸಮಾಧಾನಕ್ಕೆಂದು ಇಟ್ಟ ಮಾಸದ ವೇಳೆಯ ಮನೆಯಲ್ಲಿ, ನನ್ನ ಕೈಯಿಂದಲೇ ಬಿದ್ದಿತ್ತು. ಆ ವೇಳೆ ಇಟ್ಟು ನೋಡಿದರೆ ಒಂದೊಂದು ನಳಿಗೆಯೂ ಸರಿ ಹೇಳುತ್ತಿತ್ತು. ಮಂಜು ಕವಿದಂತಿದ್ದ ಎರಡು ನಳಿಗೆಗಳು ಬೇಗ ಮಾಸ ಬಿದ್ದ ಎಮ್ಮೆಗಳವು. ಸತ್ತ ಮೂರು ಕರುಗಳದು ಎಲ್ಲಕ್ಕಿಂತ ತಡ. ಅವಳು ಅಲ್ಲಿಯೇ ಕುಳಿತು ಇಬ್ಬರು ಅತ್ತೆಯರಿಗೂ ಪತ್ರ ಬರೆದಳು. ಮುಂದಿನ ವರ್ಷದ ಎಮ್ಮೆಗಳನ್ನೂ ನೋಡಿಕೊಂಡು ಬಾ ಎಂದು ಇಬ್ಬರೂ ಒಪ್ಪಿದರು.

ಮನೆ ಮನೆಗೆ ಹೋಗಿ ಹೇಳುವ ಕೆಲಸ ಮತ್ತೆ ನನಗೇ ಬಂತು. ತಾರವ್ವ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು.

"ಮಾಸ ಬೀಳೂತನಕ ಬಿಡಬ್ಯಾಡ ಅಂತ ನಾ ಮದಿವ್ಯಾಗಿ ಬಂದ ವರ್ಷ ನನಗ ಹೇಳಿದಾಕಿ ಯಾರಬೇ?"

"ನಾನ."

"ಈಗ ಬಿಡ ಅನ್ನಾಕಿ?"

"ನಾನ."

"ಯಾವ ಬಾಳಕ್ಕನ ಮಾತ ಕೇಳಲಿ?"

ಅವಳ ಹಿಂದೆ ಹುಲ್ಲಿನ ಕರು ಗೋಡೆಗೆ ಒರಗಿ ನಿಂತಿತ್ತು, ಕಣ್ಣಿನ ಜಾಗದಲ್ಲಿ ಹೊಲಿಗೆ. ನಾನು ಅದನ್ನು ತೋರಿಸಿದೆ. ಮುಂದಿನ ವರ್ಷ ತಾರವ್ವ ಬಿಟ್ಟಳು. ಕೆಲವರು ಬಿಟ್ಟರು, ಎಲ್ಲರೂ ಬಿಡಲಿಲ್ಲ.

ಕರುಗಳ ವಹಿ ಸರಿಯಾದ ದಿನವೇ ಸುನಂದಾ ಇನ್ನೊಂದು ವಹಿ ತೆಗೆದಿದ್ದಳು, ತಾಯಂದಿರದು. ಮೊದಲನೇ ಪುಟ ನನ್ನದು. ಬಂದ ಹೊಸದರಲ್ಲಿ ಕೈ ರೂಢಿಯಾಗಲಿ ಎಂದು ನನ್ನನ್ನೇ ಕೇಳಿ ಬರೆದುಕೊಂಡಿದ್ದಳು. ಎಲ್ಲ ಮಕ್ಕಳಿಗೂ ಹುಟ್ಟಿದ ಕೂಡಲೇ ಹಾಲು ಕೊಟ್ಟೆ ಎಂದು ಹೇಳಿದ್ದೆ. ಅವಳು ಆ ಪುಟ ತೆರೆದು ಹಿಡಿದಳು.

"ಹೊಡದ ಹಾಕ ಅದನ್ನ," ಎಂದೆ. "ಆರ ಹಡದೇನಿ. ಆರಕ್ಕೂ ಮೂರ ದಿನಾ ಕುಡಿಸಿಲ್ಲ. ಆ ಹಳದಿ ಹಾಲ ಕೆಟ್ಟದ್ದಂತ ಬೂದಿ ಮ್ಯಾಲ ಹಿಂಡಿ ಚೆಲ್ಲೇನಿ. ಬೆಲ್ಲದ ನೀರ, ಔಡಲೆಣ್ಣಿ ಹಾಕೇನಿ. ಮೂರ ಉಳದಾವ. ಒಂದ ಹನ್ನೊಂದ ದಿನಕ್ಕ ಹೋತು, ಒಂದ ತಿಂಗಳಿಗೆ. ಇನ್ನೊಂದರದ ನೆನಪಿಲ್ಲ."

"ಅದಕ್ಕ ಹೋದು ಅಂತ ಹೇಳಾಕ ಬರಂಗಿಲ್ಲ ಆಯಿ. ಆಗ ನೂರಾ ಎಂಟ ಕಾರಣ ಇರ್ತಿದ್ದು."

"ನಾ ನಿನ್ನ ಕೇಳಿಲ್ಲ. ನೀ ಬರಕೋ."

ಬರೆದುಕೊಂಡಳು. ಆಮೇಲೆ ನಾನು ಬಾಣಂತನ ಮಾಡಿದ ಮನೆಗಳಲ್ಲಿ ಯಾರಾರ ಹಾಲು ಚೆಲ್ಲಿಸಿದೆ ಎಂದು ಕೇಳಿದಳು. ಹೆಸರು ಹೇಳುತ್ತ ಹೋದೆ. ಶಾಂತಾ ಇಟ್ಟ ಚಹಾ ಆರಿ ಕೆನೆ ಕಟ್ಟಿತು, ಇನ್ನೂ ಹೆಸರು ಮುಗಿದಿರಲಿಲ್ಲ. ಅವುಗಳಲ್ಲಿ ಶಾಂತಾಳದೂ ಇತ್ತು. ಅವಳು ಬಾಗಿಲಲ್ಲಿ ನಿಂತು ಕೇಳಿ, ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಎರಡು ವರ್ಷದ ಮೇಲೆ ಸುನಂದಾ ಡಾಕ್ಟರ್ ಮೇಲಿನ ಡಾಕ್ಟರ್ ಆಗಿ, ಕೆಂಪು ರಟ್ಟಿನ ದಪ್ಪ ಪುಸ್ತಕ ತಂದುಕೊಟ್ಟಳು. ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಪುಟಗಳಲ್ಲಿ ಉಪಕಾರ ನೆನೆಯುವ ಜಾಗ ಇರುತ್ತದಂತೆ. ಇಬ್ಬರು ಗೈಡುಗಳ ಕೆಳಗೆ ನನ್ನ ಹೆಸರು. ಬೆರಳಿಟ್ಟು ಕನ್ನಡ ಮಾಡಿ ಹೇಳಿದಳು: ವೇಳೆಯನ್ನು ಬಹಳ ಪ್ರಾಮಾಣಿಕವಾಗಿ ಬರೆದಿಟ್ಟ ದಿಗ್ಗೇವಾಡಿಯ ಬಾಳವ್ವ ಆಯಿಗೆ.

"ಏನಿದ ಬರದಿ?"

"ಮಾಸದ ವೇಳೆ ಆಯಿ. ಅದು ಖರೇ ಅಲ್ಲೇನು?"

"ಹಂಗಾರ ಮಾಸದ್ದು ಅಂತ ಬರೀಬೇಕಿಲ್ಲ."

"ಉಪಕಾರದಾಗ ಅಷ್ಟೆಲ್ಲಾ ಬರಿಯಂಗಿಲ್ಲ."

ಹೀಗೆ ನನ್ನ ಸುಳ್ಳುಗಳನ್ನೆಲ್ಲ ತೆಗೆದು ಹಾಕಿದ ಹುಡುಗಿ ತಾನೊಂದು ಸೇರಿಸಿದಳು, ನಾನು ಖುಷಿಪಡಲಿ ಎಂದು. ಅಳಿಸಿಬಿಡು ಎನ್ನಬೇಕಿತ್ತು. ಅನ್ನಲಿಲ್ಲ. ಪುಸ್ತಕ ಈಗ ದೇವರ ಜಗಲಿಯ ಮೇಲೆ ಇದೆ. ಬಂದವರಿಗೆ ಇಳಿಸಿ ಆ ಒಂದು ಪು‌ಟ ತೋರಿಸುತ್ತೇನೆ, ಓದು ಬಾರದವರಿಗೆ ನಾನೇ ಬೆರಳಿಟ್ಟು ಓದಿ ಹೇಳುತ್ತೇನೆ. ಇಂಗ್ಲಿಷ್ ನನಗೂ ಬಾರದು, ಅದು ಅವರಿಗೆ ಗೊತ್ತಿಲ್ಲ. ಒಳಗಿನ ಪುಟಗಳನ್ನು ತೆರೆಯುವುದಿಲ್ಲ. ಅಲ್ಲಿ ಬರೀ ಅಂಕಿಗಳು, ಉಳಿದವು, ಸತ್ತವು, ಸಾಲು ಸಾಲು. ಅಂಕಿಗಳನ್ನು ಮಾತ್ರ ನಾನು ಖರೇನೇ ಓದಬಲ್ಲೆ.